ಒಂದು ಸಾಲದು, ನೂರೂ ಸಾಲದು!

ನಿಮ್ಮ ಅಡುಗೆ ಮನೆಯಲ್ಲಿ ಒಟ್ಟು ಎಷ್ಟು ಕತ್ತಿಗಳಿವೆ? ಎಂದಾದರೂ ಎಣಿಸಿದ್ದೀರಾ? ಈರುಳ್ಳಿ, ಟೊಮೆಟೊ ಹೆಚ್ಚಲು ಒಂದು ಸಣ್ಣ ಚಾಕು, ಮೀನು ಕೊಯ್ಯಲು ಒಂದು ಮೆಟ್ಟುಕತ್ತಿ, ತೆಂಗಿನಕಾಯಿ ಒಡೆಯಲು ಒಂದು ಭಾರದ ಕತ್ತಿ. ಬಕ್ರೀದ್ ಬಂದಾಗ ಮಾತ್ರ ಅಟ್ಟದಿಂದ ಕೆಳಗಿಳಿದು, ಸಾಣೆ ಹಿಡಿಸಿಕೊಂಡು, ಹಬ್ಬ ಮುಗಿದ ಮೇಲೆ ಬಟ್ಟೆ ಸುತ್ತಿಸಿಕೊಂಡು ಮತ್ತೆ ಅಟ್ಟ ಸೇರುವ ಇನ್ನೊಂದು. ಐದೋ ಆರೋ ಇದ್ದರೆ ಮನೆ ನಡೆಯುತ್ತದೆ. ಮೊಂಡಾದರೆ ಸಾಣೆ ಹಿಡಿಸುತ್ತೇವೆ, ಹಿಡಿ ಮುರಿದರೆ ಹೊಸತು ತರುತ್ತೇವೆ. ಅಲ್ಲಿಗೆ ಮುಗಿಯಿತು.

ಆದರೆ ಇನ್ನೂರು, ಮುನ್ನೂರು ಚಾಕುಗಳನ್ನು ಮನೆಯಲ್ಲಿಟ್ಟುಕೊಂಡು ಅವುಗಳಲ್ಲಿ ಒಂದರಿಂದಲೂ ಒಂದು ಸೌತೆಕಾಯಿಯನ್ನೂ ಕೊಯ್ಯದವರು ಈ ಜಗತ್ತಿನಲ್ಲಿದ್ದಾರೆ. ಅವರು ಕಟುಕರಲ್ಲ, ರೌಡಿಗಳೂ ಅಲ್ಲ. ಶಿಕ್ಷಕರು, ಇಂಜಿನಿಯರ್‌ಗಳು, ಅಂಗಡಿ ಮಾಲಕರು, ಕಾಲೇಜಿಗೆ ಹೋಗುವ ಹುಡುಗರು. ಹೆಚ್ಚಿನವರು ಗಂಡಸರು. ಈ ಹವ್ಯಾಸ ನಮ್ಮ ಮನೆಗಳನ್ನೂ ತಲುಪಿದೆ. ಮೊಬೈಲಿನಲ್ಲಿ ಆರ್ಡರ್ ಮಾಡಿದ ಮಡಚುವ ಚಾಕು ಮಗನ ಮೇಜಿನ ಡ್ರಾಯರಿನಲ್ಲಿರಬಹುದು. ಒಮಾನಿನಿಂದ ಮರಳುವಾಗ ಪತಿ ತಂದ ಖಂಜರ್ ಶೋಕೇಸಿನಲ್ಲಿರಬಹುದು. ಒಂದಿದ್ದರೆ ಚೆಂದ. ಅದು ಹತ್ತಾಗಿ, ಐವತ್ತಾಗಿ, ಇನ್ನೂ ಸಾಲದು ಎನಿಸತೊಡಗಿದಾಗ ಮನೆಯಾಕೆ ಕೇಳುತ್ತಾಳೆ: "ಇದೆಂಥ ಹುಚ್ಚು?"

ಹುಚ್ಚು ಎಂದುಬಿಡುವುದು ಸುಲಭ. ಆದರೆ ಈ ಗೀಳು ಹೇಗೆ ಹಿಡಿಯುತ್ತದೆ ಎಂಬುದನ್ನು ತಿಳಿದುಕೊಂಡರೆ ಅದನ್ನು ಮನೆಯೊಳಗೆ ನಿಭಾಯಿಸುವ ದಾರಿಯೂ ತಿಳಿಯುತ್ತದೆ.

ಚಾಕು ಮನುಷ್ಯನ ಅತ್ಯಂತ ಹಳೆಯ ಉಪಕರಣಗಳಲ್ಲೊಂದು. ಲೋಹ ಕಂಡುಕೊಳ್ಳುವುದಕ್ಕಿಂತ ಲಕ್ಷಾಂತರ ವರ್ಷಗಳ ಮೊದಲೇ ಆತ ಕಲ್ಲನ್ನು ಒಡೆದು ಅಲಗು ಮಾಡಿಕೊಂಡಿದ್ದ. ಆದ್ದರಿಂದಲೋ ಏನೋ, ಚೆನ್ನಾಗಿ ಮಾಡಿದ ಒಂದು ಚಾಕು ಕೈಗೆ ಬಂದಾಗ ಅದನ್ನು ತಿರುಗಿಸಿ ನೋಡದವರು ಕಡಿಮೆ. ಅದರ ತೂಕ, ಹಿಡಿಯ ಮರದ ನುಣುಪು, ಮಡಚುವಾಗ ಆಗುವ 'ಟಕ್' ಎಂಬ ಸದ್ದು, ಇವೆಲ್ಲ ಕೈಗೆ ಖುಷಿ ಕೊಡುತ್ತವೆ. ಕಾರು ಸಂಗ್ರಹಿಸಲು ಕೋಟಿ ಬೇಕು, ಚಿತ್ರಕಲೆ ಸಂಗ್ರಹಿಸಲು ಗೋಡೆ ಬೇಕು. ಚಾಕುವಿಗೆ ಒಂದು ಡ್ರಾಯರ್ ಸಾಕು, ಮೊದಲನೆಯದು ಕೆಲವು ನೂರು ರೂಪಾಯಿಗೇ ಸಿಗುತ್ತದೆ. ಪ್ರವೇಶ ಇಷ್ಟು ಅಗ್ಗವಾಗಿರುವುದರಿಂದಲೇ ಜನ ಯೋಚಿಸದೆ ಒಳಗೆ ಕಾಲಿಡುತ್ತಾರೆ.

ಎರಡನೆಯ ಸೆಳೆತ, ಸಾಲು ಪೂರ್ತಿ ಮಾಡುವ ಆಸೆ. ಫ್ರಾನ್ಸಿನ ಸವೋಯ್ ಪ್ರಾಂತ್ಯದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಎಂಬವರು ರೈತರಿಗಾಗಿ ಮರದ ಹಿಡಿಯ ಸರಳ ಮಡಚುವ ಚಾಕು ತಯಾರಿಸಿದರು. ಅದು ಚಿಕ್ಕದರಿಂದ ದೊಡ್ಡದರವರೆಗೆ 1ರಿಂದ 12ರ ತನಕ ನಂಬರು ಹಾಕಿದ ಸಾಲಾಗಿ ಬಂತು. 1 ಮತ್ತು 11ನೇ ನಂಬರುಗಳ ತಯಾರಿಕೆ ಬಹಳ ಹಿಂದೆಯೇ ನಿಂತುಹೋಯಿತು. ಈಗ ಯೋಚಿಸಿ, ಉಳಿದ ಹತ್ತು ಕೈಯಲ್ಲಿರುವವನಿಗೆ ನಿದ್ದೆ ಕೆಡಿಸುವುದು ಯಾವುದು? ಇಲ್ಲದ ಆ ಎರಡು! ಆರು ಲೋಟಗಳ ಸೆಟ್ಟಿನಲ್ಲಿ ಒಂದು ಒಡೆದಾಗ ನಮಗಾಗುವ ಕಸಿವಿಸಿಯನ್ನು ನೆನಪಿಸಿಕೊಳ್ಳಿ. ಅವನದ್ದೂ ಅದೇ ಕಸಿವಿಸಿ. ಒಂದೇ ವ್ಯತ್ಯಾಸವೆಂದರೆ, ಅವನ ಸೆಟ್ ಎಂದೂ ಪೂರ್ತಿಯಾಗುವುದಿಲ್ಲ. ಒಂದು ಸಾಲು ಮುಗಿಯುವ ಮೊದಲೇ ಇನ್ನೊಂದು ಕಂಪೆನಿಯ ಸಾಲು ಕಣ್ಣಿಗೆ ಬೀಳುತ್ತದೆ.

ಮೂರನೆಯದು ಕಥೆ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಹರಾಜು ಸಂಸ್ಥೆಯಲ್ಲಿ ಟಿಪ್ಪು ಸುಲ್ತಾನರ ಶಯನಗೃಹದ ಖಡ್ಗ ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಅಷ್ಟು ಹಣ ಕೊಟ್ಟವರು ಕೊಂಡದ್ದು ಬರೀ ಉಕ್ಕನ್ನೇ? ಅಲ್ಲ, 1799ರ ಶ್ರೀರಂಗಪಟ್ಟಣವನ್ನು. ಉಕ್ಕಿನ ವಿಷಯಕ್ಕೆ ಬಂದರೆ ಕನ್ನಡಿಗರಾದ ನಮಗೂ ಅದರಲ್ಲಿ ಪಾಲಿದೆ. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯಲ್ಲಿ ಕರಗಿಸಿ ತಯಾರಿಸುತ್ತಿದ್ದ ವಿಶಿಷ್ಟ ಉಕ್ಕನ್ನು ಇಂಗ್ಲಿಷಿನವರು 'ವೂಟ್ಸ್' ಎಂದು ಕರೆದರು. ಆ ಪದದ ಮೂಲ ನಮ್ಮ 'ಉಕ್ಕು' ಎಂಬುದೇ ಎಂದು ವಿದ್ವಾಂಸರು ಹೇಳುತ್ತಾರೆ. ಅರಬರು ಭಾರತದ ಉಕ್ಕಿನ ಖಡ್ಗವನ್ನು 'ಮುಹನ್ನದ್' ಎನ್ನುತ್ತಿದ್ದರು. ಈ ಉಕ್ಕಿನ ಅಲಗಿನ ಮೇಲೆ ನೀರಿನ ಅಲೆಯಂತಹ ಗೆರೆಗಳು ಮೂಡುತ್ತಿದ್ದವು. ಅದೇ 'ಡಮಾಸ್ಕಸ್ ಉಕ್ಕು' ಎಂದು ಲೋಕಪ್ರಸಿದ್ಧವಾಯಿತು.

ಇಂದು ಆನ್‌ಲೈನಿನಲ್ಲಿ ಡಮಾಸ್ಕಸ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಚಾಕುಗಳು ಸಾಮಾನ್ಯವಾಗಿ ಆ ಉಕ್ಕಿನವಲ್ಲ. ಎರಡು ಬಗೆಯ ಉಕ್ಕಿನ ಪದರಗಳನ್ನು ಕಾಯಿಸಿ, ಬಡಿದು, ಬೆಸೆದು, ಆಮ್ಲದಲ್ಲಿ ಅದ್ದಿ ಗೆರೆಗಳನ್ನು ಕಾಣುವಂತೆ ಮಾಡುತ್ತಾರೆ. ಒಳ್ಳೆಯ ಕುಶಲಕರ್ಮಿ ಮಾಡಿದರೆ ಅದೂ ಸುಂದರ ಕೆಲಸವೇ. ಇನ್ನು ಕೆಲವು ಅಗ್ಗದ ಚಾಕುಗಳಲ್ಲಿ ಗೆರೆಗಳನ್ನು ಮೇಲಿನಿಂದ ಅಚ್ಚು ಹಾಕಿರುತ್ತಾರೆ, ಅಷ್ಟೇ. ಕಥೆಗೆ ಮನಸೋತವನು ಅದನ್ನು ಪರೀಕ್ಷಿಸುವುದಿಲ್ಲ. ವ್ಯಾಪಾರಿಗೆ ಬೇಕಾದದ್ದೂ ಅದೇ.

ನಾಲ್ಕನೆಯದು, ಎಲ್ಲಕ್ಕಿಂತ ಬಲವಾದದ್ದು, ಹುಡುಕಾಟದ ನಶೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿದ್ದರು. ಗುಂಡಿಯನ್ನು ಕುಟುಕಿದರೆ ಕಾಳು ಬೀಳುವಂತಹ ಪೆಟ್ಟಿಗೆ. ಎಷ್ಟು ಸಲ ಕುಟುಕಿದರೆ ಕಾಳು ಬೀಳುತ್ತದೆ ಎಂಬುದು ತಿಳಿಯದಂತೆ ಮಾಡಿದಾಗ ಹಕ್ಕಿ ಬಿಡದೆ ಕುಟುಕುತ್ತಲೇ ಇತ್ತು. ಕಾಳು ನಿಲ್ಲಿಸಿದ ಮೇಲೂ ಅದು ಬೇಗ ಸುಮ್ಮನಾಗಲಿಲ್ಲ. ರಾತ್ರಿ ಹನ್ನೆರಡಾದರೂ ಮೊಬೈಲ್ ಪರದೆಯನ್ನು ಮೇಲೆ ಮೇಲೆ ಸರಿಸುತ್ತಿರುವ ಸಂಗ್ರಾಹಕ ಮಾಡುತ್ತಿರುವುದೂ ಅದನ್ನೇ. ಮುಂದಿನ ಪುಟದಲ್ಲಿ ಆ ಅಪರೂಪದ್ದು ಸಿಕ್ಕಿದರೂ ಸಿಗಬಹುದು! ಸಿಕ್ಕುವ ಮೊದಲಿನ ಆ ನಿರೀಕ್ಷೆಯಲ್ಲೇ ಮಿದುಳಿನ ಡೋಪಮಿನ್ ಚುರುಕಾಗುತ್ತದೆ. ಪಾರ್ಸೆಲ್ ಬಿಚ್ಚಿದ ಎರಡೇ ದಿನದಲ್ಲಿ ಖುಷಿ ಇಳಿಯುತ್ತದೆ, ಮತ್ತೆ ಹುಡುಕಾಟ ಶುರು. "ಅಷ್ಟು ಆಸೆಪಟ್ಟು ತರಿಸಿದ್ದನ್ನು ತಿರುಗಿಯೂ ನೋಡುವುದಿಲ್ಲವಲ್ಲ!" ಎಂದು ನೀವು ಬೆರಗಾಗುತ್ತೀರಿ. ಆತ ಅಂಟಿಕೊಂಡಿರುವುದು ಚಾಕುವಿಗಲ್ಲ, ಹುಡುಕುವುದಕ್ಕೆ.

ನಾವು ಹೆಂಗಸರು ಇದರಿಂದ ಹೊರತೇನೂ ಅಲ್ಲ. ಬೀರುವಿನಲ್ಲಿ ಮಡಿಕೆ ಬಿಚ್ಚದ ಸೀರೆಗಳು, ಅತಿಥಿಗಳಿಗೆಂದು ತೆಗೆದಿಟ್ಟು ಇಂದಿಗೂ ಹೊರಬಾರದ ಪಿಂಗಾಣಿ ಸೆಟ್ಟುಗಳು, ಒಂದಕ್ಕೊಂದು ಹೊಂದುವ ಬಳೆಗಳು ನಮ್ಮಲ್ಲೂ ಇವೆ. ಅದನ್ನು ನೆನಪಿಟ್ಟುಕೊಂಡರೆ ಮಾತು ಆರಂಭಿಸುವಾಗ ನಮ್ಮ ದನಿ ಸ್ವಲ್ಪ ಮೆತ್ತಗಾಗುತ್ತದೆ.

ಹುಡುಕಾಟದ ಹಿಂದೆ ಕೆಲವೊಮ್ಮೆ ಒಂದು ಖಾಲಿತನವೂ ಇರುತ್ತದೆ. ಸಂಗ್ರಾಹಕರ ಮನಸ್ಸನ್ನು ದೀರ್ಘಕಾಲ ಅಧ್ಯಯನ ಮಾಡಿದ ವರ್ನರ್ ಮ್ಯೂನ್‌ಸ್ಟರ್‌ಬರ್ಗರ್ ಎಂಬ ಮನೋವಿಶ್ಲೇಷಕರು 1994ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಾಲ್ಯದ ಅಗಲಿಕೆ, ಆತಂಕ, ಒಂಟಿತನಗಳಿಗೆ ಕೆಲವರು ವಸ್ತುಗಳಲ್ಲಿ ಸಾಂತ್ವನ ಹುಡುಕುತ್ತಾರೆ ಎಂದು ವಾದಿಸಿದರು. ಎಲ್ಲರಿಗೂ ಅದು ಅನ್ವಯಿಸಬೇಕೆಂದಿಲ್ಲ. ಆದರೆ ಕೊಲ್ಲಿಯ ಹಂಚಿಕೆಯ ಕೋಣೆಯಲ್ಲಿ ವರ್ಷಗಟ್ಟಲೆ ಒಂಟಿಯಾಗಿ ಸಂಜೆಗಳನ್ನು ಕಳೆದವರಿಗೆ, ನಿವೃತ್ತಿಯ ನಂತರ ತನ್ನನ್ನು ಯಾರೂ ಕೇಳುವವರಿಲ್ಲ ಎನಿಸಿದವರಿಗೆ, ತರಗತಿಯಲ್ಲಿ ಗೆಳೆಯರಿಲ್ಲದ ಹುಡುಗನಿಗೆ, ಸಂಗ್ರಹವು ಒಂದು ಗುರುತನ್ನೂ ನಾಲ್ಕು ಮಂದಿ ಗೆಳೆಯರನ್ನೂ ಕೊಡುತ್ತದೆ.

ಹೈದರಾಬಾದಿಗೆ ಹೋದವರು ಸಾಲಾರ್ ಜಂಗ್ ವಸ್ತು ಸಂಗ್ರಹಾಲಯ ನೋಡಿರುತ್ತೀರಿ. ಅದರ ಒಡೆಯ ಮೂರನೇ ಸಾಲಾರ್ ಜಂಗ್, ಮೀರ್ ಯೂಸುಫ್ ಅಲೀ ಖಾನ್. ಹುಟ್ಟಿದ್ದು 1889ರ ಜೂನ್‌ನಲ್ಲಿ. ಒಂದು ತಿಂಗಳು ತುಂಬುವ ಮೊದಲೇ ತಂದೆ ತೀರಿಕೊಂಡರು. ಎಳೆಯ ಪ್ರಾಯದಲ್ಲೇ ನಿಜಾಮರ ದಿವಾನರಾದ ಅವರು 1914ರಲ್ಲಿ ಹುದ್ದೆ ಬಿಟ್ಟು ಉಳಿದ ಬದುಕನ್ನೆಲ್ಲ ಸಂಗ್ರಹಕ್ಕೆ ಸುರಿದರು. ಮದುವೆಯಾಗಲಿಲ್ಲ. ಜಹಾಂಗೀರ್ ಮತ್ತು ನೂರ್‌ಜಹಾನ್‌ರದ್ದೆಂದು ಹೇಳಲಾಗುವ ರತ್ನಖಚಿತ ಕಠಾರಿಗಳೂ ಸೇರಿ ಅಲ್ಲಿ 40 ಸಾವಿರಕ್ಕೂ ಹೆಚ್ಚು ವಸ್ತುಗಳಿವೆ. 1949ರಲ್ಲಿ ಅವರು ತೀರಿಕೊಂಡಾಗ ನೇರ ವಾರಸುದಾರರಿರಲಿಲ್ಲ. 1951ರಲ್ಲಿ ಅದು ಸಾರ್ವಜನಿಕ ಸಂಗ್ರಹಾಲಯವಾಯಿತು. ಇಂದು ಶಾಲಾ ಮಕ್ಕಳು ಸಾಲುಗಟ್ಟಿ ನಿಂತು ಆ ಕಠಾರಿಗಳನ್ನು ನೋಡುತ್ತಾರೆ. ಒಬ್ಬ ಶ್ರೀಮಂತ, ಒಂಟಿ ಮನುಷ್ಯನ ಗೀಳು ಹೀಗೆ ಊರಿನ ಸೊತ್ತಾಯಿತು. ಆದರೆ ಅವರ ಮನೆಯಲ್ಲಿ ಶಾಲೆಯ ಫೀಸಿಗಾಗಿ, ಗ್ಯಾಸ್ ಸಿಲಿಂಡರಿಗಾಗಿ ಕಾಯುವವರು ಇರಲಿಲ್ಲ. ನಮ್ಮ ಮನೆಗಳಲ್ಲಿ ಇದ್ದಾರೆ.

ಹಾಗಾದರೆ ಹವ್ಯಾಸವೆಲ್ಲಿ ಮುಗಿಯುತ್ತದೆ, ಚಟವೆಲ್ಲಿ ಶುರುವಾಗುತ್ತದೆ? ಎಷ್ಟು ಚಾಕುಗಳಿವೆ ಎಂಬುದರಿಂದ ಅದನ್ನು ಅಳೆಯಲಾಗದು. ಪಾರ್ಸೆಲನ್ನು ಮನೆಗೆ ತರಿಸದೆ ಅಂಗಡಿಗೋ ಗೆಳೆಯನ ವಿಳಾಸಕ್ಕೋ ತರಿಸುವುದು. ಎಂಟು ಸಾವಿರದ್ದನ್ನು ಎಂಟುನೂರು ಎನ್ನುವುದು. ಸಾಲ ಮಾಡುವುದು. ಕೇಳಿದರೆ ಸಿಡುಕುವುದು. ಬಿಚ್ಚದ ಪೆಟ್ಟಿಗೆಗಳು ರಾಶಿ ಬೀಳುವುದು. ಈ ಲಕ್ಷಣಗಳಲ್ಲಿ ಎರಡೋ ಮೂರೋ ಕಂಡರೆ ಎಚ್ಚರವಾಗಿ. ಸಂಗ್ರಾಹಕ ತನ್ನ ವಸ್ತುಗಳನ್ನು ಜೋಡಿಸುತ್ತಾನೆ, ತೋರಿಸುತ್ತಾನೆ, ಬೇಕಾದರೆ ಮಾರುತ್ತಾನೆ. ಏನನ್ನೂ ಬಿಡಲಾಗದೆ, ಮನೆಯಲ್ಲಿ ನಡೆದಾಡಲೂ ಜಾಗವಿಲ್ಲದಂತೆ ರಾಶಿ ಹಾಕುವುದು ಬೇರೆಯೇ ಕಾಯಿಲೆ. 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಪ್ರತ್ಯೇಕ ರೋಗವೆಂದೇ ಗುರುತಿಸಿದೆ. ಹಾಗೆನಿಸಿದರೆ ಮನೋವೈದ್ಯರನ್ನು ಕಾಣಲು ಹಿಂಜರಿಯಬೇಡಿ. ಸರಕಾರದ ಉಚಿತ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಅಷ್ಟಕ್ಕೆ ಹೋಗದ ಮನೆಗಳಲ್ಲಿ ಮಾಡಬೇಕಾದದ್ದೇನು? ಮೊದಲನೆಯದಾಗಿ, ಅವರು ಮನೆಯಲ್ಲಿಲ್ಲದಾಗ ಚಾಕುಗಳನ್ನು ಗುಜರಿಗೆ ಹಾಕಬೇಡಿ. ತನ್ನದು ಎಂದಾದ ಕೂಡಲೇ ವಸ್ತುವಿನ ಬೆಲೆ ಮನುಷ್ಯನ ಕಣ್ಣಿನಲ್ಲಿ ಏರುತ್ತದೆ. 1990ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ, ಕಾಫಿ ಮಗ್ಗನ್ನು ಉಡುಗೊರೆಯಾಗಿ ಪಡೆದ ವಿದ್ಯಾರ್ಥಿಗಳು ಅದನ್ನು ಮಾರಲು ಕೇಳಿದ ಬೆಲೆ, ಕೊಳ್ಳುವವರು ಕೊಡಲು ಸಿದ್ಧರಿದ್ದ ಬೆಲೆಯ ಎರಡು ಪಟ್ಟು ಇತ್ತು. ಬರೀ ಮಗ್ಗಿಗೇ ಹೀಗಾದರೆ, ಎರಡು ವರ್ಷ ಹುಡುಕಿ ಪಡೆದ ಚಾಕುವಿಗೆ ಹೇಗಿದ್ದೀತು? ನೀವು ಬಿಸಾಡಿದರೆ ಆತ ಇನ್ನೂ ಎರಡು ಕೊಂಡು ಇನ್ನೂ ಚೆನ್ನಾಗಿ ಅಡಗಿಸುವುದನ್ನು ಕಲಿಯುತ್ತಾನೆ.

ಅದರ ಬದಲು ಒಂದನ್ನು ಕೈಗೆತ್ತಿಕೊಂಡು, "ಇದರ ಕಥೆಯೇನು?" ಎಂದು ಕೇಳಿ. ವ್ಯಂಗ್ಯವಾಗಿ ಬೇಡ, ನಿಜವಾಗಿ ಕೇಳಿ. ಮನೆಯಲ್ಲಿ ಹೆಚ್ಚು ಮಾತನಾಡದ ಗಂಡಸೂ ಆಗ ಅರ್ಧ ಗಂಟೆ ಮಾತನಾಡಿಯಾನು. ಆ ಮಾತಿನಲ್ಲಿ ನಿಮಗೆ ಚಾಕುವಿಗಿಂತ ಹೆಚ್ಚಿನದ್ದೇನೋ ತಿಳಿಯಬಹುದು. ನಿಮ್ಮ ದೂರೂ ಬಹುಶಃ ಹಣದ್ದು ಮಾತ್ರವಲ್ಲ. ಅಲಗಿಗೆ ಎಣ್ಣೆ ಹಚ್ಚಲು ಇರುವ ಸಮಯ ನನ್ನ ಜೊತೆ ಕುಳಿತುಕೊಳ್ಳಲು ಇಲ್ಲವಲ್ಲ ಎಂಬ ನೋವೂ ಅದರಲ್ಲಿದೆ. ಅದನ್ನೂ ಹೇಳಿ. ಆದರೆ ಜಗಳದ ನಡುವೆ ಬೇಡ, ಆ ಅರ್ಧ ಗಂಟೆ ಮುಗಿದ ಮೇಲೆ ಹೇಳಿ.

ನಂತರ ಕೂಡಿ ಒಂದು ನಿಯಮ ಮಾಡಿಕೊಳ್ಳಿ. ಮನೆ ಖರ್ಚು, ಮಕ್ಕಳ ಫೀಸು, ಉಳಿತಾಯ ತೆಗೆದಿಟ್ಟ ಮೇಲೆ ಹವ್ಯಾಸಕ್ಕೆ ತಿಂಗಳಿಗೆ ಇಂತಿಷ್ಟು. ಹೊಸದೊಂದು ಬಂದರೆ ಹಳೆಯದೊಂದು ಹೋಗಬೇಕು. ಇಷ್ಟವಾದದ್ದನ್ನು ಕಂಡ ದಿನವೇ ಕೊಳ್ಳದೆ, ಬರೆದಿಟ್ಟು ಮೂವತ್ತು ದಿನ ಕಾಯಬೇಕು. ಹುಡುಕಾಟದ ಬಿಸಿ ಅಷ್ಟರಲ್ಲಿ ಬಹುಮಟ್ಟಿಗೆ ಆರಿರುತ್ತದೆ. ಪ್ರತಿಯೊಂದನ್ನೂ ಎಷ್ಟಕ್ಕೆ ಕೊಂಡದ್ದು, ಈಗಿನ ಬೆಲೆ ಎಷ್ಟು ಎಂದು ಪುಸ್ತಕದಲ್ಲಿ ಬರೆದಿಡಲು ಹೇಳಿ. ಅದು ವಾರಸುದಾರರಿಗೆ ಸೇರಬೇಕಾದ ಸೊತ್ತು. ನಾಳೆ ಅವರಿಲ್ಲದಿದ್ದರೆ ಬೆಲೆ ತಿಳಿಯದ ಮನೆಯವರು ಅದನ್ನು ಯಾರಿಗೋ ಮೂರು ಕಾಸಿಗೆ ಕೊಟ್ಟುಬಿಡುವಂತಾಗಬಾರದು.

ಬೆಳೆದ ಹುಡುಗರಿರುವ ಮನೆಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ನಮ್ಮ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಕತ್ತಿ, ಕಠಾರಿಗಳು ಆಯುಧಗಳ ಪಟ್ಟಿಗೆ ಸೇರುತ್ತವೆ. ಮನೆಗೆಲಸ, ಕೃಷಿಯಂತಹ ಕೆಲಸಗಳಿಗೆಂದೇ ಮಾಡಿದವುಗಳಿಗೆ ಮಾತ್ರ ವಿನಾಯಿತಿ. ದೊಡ್ಡದನ್ನು ಕೊಳ್ಳುವ ಮೊದಲು ಪೊಲೀಸ್ ಠಾಣೆಯಲ್ಲಿ ವಿಚಾರಿಸುವುದು ಲೇಸು. ಚಿಕ್ಕದಾದರೂ ಜೇಬಿನಲ್ಲಿಟ್ಟುಕೊಂಡು ಕಾಲೇಜಿಗೆ ಹೋಗುವುದು, ಹಿಡಿದು ನಿಂತು ವೀಡಿಯೋ ಹಾಕುವುದು ಸರ್ವಥಾ ಬೇಡ. ಬೀದಿಯಲ್ಲಿ ಮಾತಿಗೆ ಮಾತು ಬೆಳೆದ ದಿನ ಜೇಬಿನಲ್ಲಿ ಚಾಕು ಇಲ್ಲದಿರುವುದೇ ಆ ಹುಡುಗನಿಗೆ ದೊಡ್ಡ ರಕ್ಷಣೆ. ಸಂಗ್ರಹವೇನಿದ್ದರೂ ಬೀಗ ಹಾಕಿದ ಕಪಾಟಿನಲ್ಲಿರಲಿ, ಕೀಲಿ ಹಿರಿಯರ ಬಳಿ ಇರಲಿ.

ಕೊನೆಯದಾಗಿ ಒಂದು ಸಲಹೆ. ಆ ನೂರರಲ್ಲಿ ಒಂದನ್ನು ಅಡುಗೆ ಮನೆಗೆ ಕೇಳಿ ಪಡೆಯಿರಿ. ಸಾಣೆ ಹಿಡಿಯುವ ಕೆಲಸವನ್ನು ಅವರಿಗೇ ಒಪ್ಪಿಸಿ. ಉಳಿದ ತೊಂಬತ್ತೊಂಬತ್ತನ್ನು ನೋಡುವವರು ಅವರೊಬ್ಬರೇ. ಈ ಒಂದು ಮಾತ್ರ ದಿನವೂ ಮನೆಮಂದಿಯ ಊಟಕ್ಕೆ ನೆರವಾಗುತ್ತದೆ. ಆ ವ್ಯತ್ಯಾಸ ಅವರ ಕಣ್ಣಿಗೂ ಒಂದು ದಿನ ಬಿದ್ದೇ ಬೀಳುತ್ತದೆ.