ಕರೆದರೂ ಬಾರದ ನೆರೆಯವರು



ಓಣಿಯ ಕೂಟಕ್ಕೆ ಜನರು ಬರುವದಿಲ್ಲವೆಂಬ ದೂರು ಈಚೆಗೆ ನಾಲ್ಕು ದಿಕ್ಕಿನಿಂದಲೂ ಕೇಳಬರುತ್ತಿದೆ. ಬೆಂಗಳೂರು, ಹುಬ್ಬಳ್ಳಿಗಳಂಥ ನಗರಗಳಲ್ಲಿ ಒಂದೇ ಸೂರಿನ ಕೆಳಗೆ ಹತ್ತಾರು ಸಂಸಾರಗಳಿರುವ ಬಹುಮಹಡಿಯ ಮನೆಗಳಿಗೆ ಮಾತ್ರ ಅಂಟಿದ ಬೇನೆಯಿದು ಎಂದು ಹಲವರು ತಿಳಿದಿದ್ದರು. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಅಂಚಿನಲ್ಲಿ ಹಬ್ಬುತ್ತಿರುವ ಹೊಸ ಬಡಾವಣೆಗಳಲ್ಲಿಯೂ ಈಗ ಇದೇ ಮಾತು. ಕಾರ್ಯದರ್ಶಿಗಳು ಚಪ್ಪರ ಹಾಕಿಸುತ್ತಾರೆ, ಧ್ವನಿವರ್ಧಕವನ್ನು ತರಿಸುತ್ತಾರೆ, ಮೊಬೈಲಿನ ಮುಖಾಂತರ ಆಮಂತ್ರಣವನ್ನು ಕಳಿಸುತ್ತಾರೆ. ಹೊತ್ತಿಗೆ ಸರಿಯಾಗಿ ಬರುವವರೆಂದರೆ ಚಪ್ಪರದವನೂ ಓಣಿಯ ಚಿಕ್ಕ ಮಕ್ಕಳೂ ಮಾತ್ರ! ಕಾಲವೇ ಕೆಟ್ಟಿತು, ಜನರಲ್ಲಿ ಐಕಮತ್ಯ ಉಳಿಯಲಿಲ್ಲ ಎಂದು ಕಾರ್ಯದರ್ಶಿಗಳು ನಿಟ್ಟುಸಿರು ಬಿಡುತ್ತಾರೆ.

ಈ ನಿಟ್ಟುಸಿರು ನಮಗೆ ಸಮ್ಮತವಿಲ್ಲ. ಕಾಲವು ಅಷ್ಟು ಕೆಟ್ಟಿದ್ದರೆ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಕಾಲಿಡಲು ಸ್ಥಳವಿಲ್ಲದಷ್ಟು ಜನ ನೆರೆಯುವದೇಕೆ? ಕೊಲ್ಲಾಪುರದ ಕಡೆಯಿಂದ ಬರುವವರೆಷ್ಟು, ಚಕ್ಕಡಿ ಕಟ್ಟಿಕೊಂಡು ಬರುವವರೆಷ್ಟು! ಅವರ ಮನೆಗೆ ಯಾರೂ ಆಮಂತ್ರಣಪತ್ರಿಕೆಯನ್ನು ಒಯ್ದು ಕೊಟ್ಟಿರುವದಿಲ್ಲ. ಆಕಾಶದ ಹುಣ್ಣಿಮೆಯೇ ಅವರಿಗೆ ಕರೆ. ದಿನವು ಗೊತ್ತಾಗಿರುವದರಿಂದ ಮನೆಯವರೆಲ್ಲರೂ ಮೊದಲೇ ಸಿದ್ಧರಾಗಿರುತ್ತಾರೆ. ಮೇಲಾಗಿ, ಗುಡ್ಡಕ್ಕೆ ಬಂದ ಸಂಸಾರವು ಸುಮ್ಮನೆ ನೋಡುತ್ತ ಕುಳಿತುಕೊಳ್ಳುವದಿಲ್ಲ. ಮೂರು ಕಲ್ಲುಗಳ ಒಲೆ ಹೂಡಿ, ಹೋಳಿಗೆ ಕಡಬುಗಳ ಅಡಿಗೆ ಮಾಡಿ, ಪಡ್ಡಲಗಿ ತುಂಬಿಸುತ್ತದೆ. ಅಜ್ಜಿಗೊಂದು ಕೆಲಸ, ಸೊಸೆಗೊಂದು ಕೆಲಸ, ನೀರು ತರುವ ಹುಡುಗನಿಗೊಂದು ಕೆಲಸ.

ನಮ್ಮ ಸೀಮೆಯ ಆಟಗಳ ರೀತಿಯೂ ಇದೇ. ಬೈಲಹೊಂಗಲದ ಕಡೆಯ ಕಥೆಯುಳ್ಳ ಸಂಗ್ಯಾ-ಬಾಳ್ಯಾ ಸಣ್ಣಾಟವನ್ನು ಹಳ್ಳಿಯಲ್ಲಿ ಆಡುವಾಗ ವೇಷ ಹಾಕುವವರು ಊರವರೇ, ಹಿಮ್ಮೇಳದವರು ಊರವರೇ. ಮಗನು ಬಣ್ಣ ಹಚ್ಚಿಕೊಂಡ ಮೇಲೆ ತಾಯಿಯು ಮನೆಯಲ್ಲಿ ಮಲಗುವಳೆ? ಕಿತ್ತೂರಿನ ಉತ್ಸವವನ್ನೂ ನೋಡಿರಿ. 1824ನೆಯ ಅಕ್ಟೋಬರ 23ರಂದು ರಾಣಿ ಚೆನ್ನಮ್ಮನ ಪಡೆಯು ಕುಂಪಣಿಯ ದಂಡನ್ನು ಸೋಲಿಸಿದ ವಿಜಯದ ಸ್ಮರಣಾರ್ಥವಾಗಿ ಅದು ಪ್ರತಿವರ್ಷ ಜರುಗುತ್ತದೆ. 2024ರಲ್ಲಿ ಆ ವಿಜಯಕ್ಕೆ ಇನ್ನೂರು ವರ್ಷಗಳು ತುಂಬಿದವು. ಉತ್ಸವಕ್ಕೆ ಮುಂಚೆ ಜ್ಯೋತಿಯು ಊರೂರು ಸಂಚರಿಸಿ ಬರುತ್ತದೆ. ಜನರು ಕಿತ್ತೂರಿಗೆ ಬರುವ ಮೊದಲು ಕಿತ್ತೂರೇ ಜನರ ಬಾಗಿಲಿಗೆ ಹೋದಂತಾಯಿತು.

ಇಷ್ಟರಿಂದ ನಾವು ತಿಳಿಯತಕ್ಕದ್ದು ಇದು: ಕುರ್ಚಿಯ ಮೇಲೆ ಕುಳಿತು ಭಾಷಣ ಕೇಳುವದಕ್ಕೆ ಕರೆದರೆ ಜನರು ಬರುವದಿಲ್ಲ, ಕೂಟದಲ್ಲಿ ತಮ್ಮದೊಂದು ಪಾಲು ಇದೆಯೆಂದು ತೋರಿದರೆ ಬರುತ್ತಾರೆ. ಹೊಸ ಬಡಾವಣೆಯ ಕೂಟದಲ್ಲಿ ನಾಲ್ಕು ಜನರು ಎಲ್ಲವನ್ನೂ ಮಾಡುತ್ತಾರೆ, ಉಳಿದ ನಲವತ್ತು ಮನೆಗಳಿಗೆ ಚಪ್ಪಾಳೆ ತಟ್ಟುವ ಕೆಲಸವನ್ನು ಮಾತ್ರ ಬಿಡುತ್ತಾರೆ. ಆ ಕೆಲಸಕ್ಕೆ ಯಾರಿಗೂ ಬಿಡುವಿರುವದಿಲ್ಲ.

ಬಾರದಿದ್ದರೆ ಹಾನಿಯೇನು, ಎಂದು ಕೆಲವರು ಕೇಳಬಹುದು. 2019ನೆಯ ಆಗಸ್ಟ ತಿಂಗಳನ್ನು ಈ ಸೀಮೆಯವರು ಮರೆತಿಲ್ಲ. ನವಿಲುತೀರ್ಥದ ಜಲಾಶಯ ತುಂಬಿ ಹೊರಬಿಟ್ಟ ನೀರಿನಿಂದ ಮಲಪ್ರಭೆಯು ಉಕ್ಕೇರಿ, ರಾಮದುರ್ಗದಲ್ಲಿಯೂ ಅದರ ಸುತ್ತಲಿನ ಹಳ್ಳಿಗಳಲ್ಲಿಯೂ ಮನೆಗಳೊಳಗೆ ಹೊಕ್ಕಿತು. ಅಂಥ ರಾತ್ರಿಯಲ್ಲಿ ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದಾರೆ, ಯಾವ ಮನೆಯಲ್ಲಿ ತುಂಬು ಗರ್ಭಿಣಿ ಇದ್ದಾಳೆ, ಯಾರ ಮನೆಯ ಗಂಡಸರು ಪರಸ್ಥಳದಲ್ಲಿದ್ದಾರೆ ಎಂಬದನ್ನು ಹೇಳಬಲ್ಲವರು ನೆರೆಯವರೇ ಹೊರತು ಕಚೇರಿಯ ದಫ್ತರವಲ್ಲ. ಹಳೆಯ ಓಣಿಯಲ್ಲಿ ಕಟ್ಟೆಯ ಮೇಲೆ ಕೂತವರಿಗೆ ಇದು ತಾನೇ ತಿಳಿಯುತ್ತಿತ್ತು. ಈಗ ಕಟ್ಟೆಯಿದ್ದಲ್ಲಿ ಎತ್ತರದ ಗೋಡೆಯೂ ಕಬ್ಬಿಣದ ಬಾಗಿಲೂ ಬಂದಿವೆ. ಪರಿಚಯವನ್ನು ಬೇಕೆಂದೇ ಬೆಳೆಸಬೇಕಾಗಿದೆ; ನೀರು ಬಂದ ಮೇಲೆ ಅದಕ್ಕೆ ಅವಕಾಶವಿರುವದಿಲ್ಲ.

ಆದ್ದರಿಂದ ಕೂಟ ನಡಿಸುವವರಿಗೆ ನಾವು ಕೆಲವು ಸೂಚನೆಗಳನ್ನು ಮಾಡುತ್ತೇವೆ. ಮೊದಲನೆಯದಾಗಿ, ದಿನವನ್ನು ಪ್ರತಿಸಲ ಬದಲಿಸಬೇಡಿರಿ. ತಿಂಗಳ ಹುಣ್ಣಿಮೆಯನ್ನೋ ಕಡೆಯ ರವಿವಾರವನ್ನೋ ಹಿಡಿದು ನಿಲ್ಲಿರಿ. ವೇಳೆಯನ್ನು ನಿಶ್ಚಯಿಸುವಾಗ ಓಣಿಯವರ ದುಡಿಮೆಯನ್ನು ನೆನೆಯಿರಿ. ರಾಮದುರ್ಗ, ಸುರೇಬಾನಗಳ ನೇಕಾರನಿಗೆ ನೇಯ್ದಷ್ಟೇ ಕೂಲಿ. ಹಗಲು ಮಗ್ಗ ಬಿಟ್ಟು ಬಂದರೆ ಅವನಿಗೆ ನಷ್ಟ. ಸುಗ್ಗಿಯ ದಿನಗಳಲ್ಲಿ ಒಕ್ಕಲಿಗನನ್ನು ಕರೆಯುವದು ವ್ಯರ್ಥ. ಒಂದೂವರೆ ತಾಸಿನಲ್ಲಿ ಮುಗಿಯುವದೆಂದು ಹೇಳಿದ ಕೂಟವು ಅಷ್ಟರಲ್ಲಿಯೇ ಮುಗಿಯಲಿ. ಒಮ್ಮೆ ಮಾತು ತಪ್ಪಿದರೆ ಮುಂದಿನ ಸಲ ಗೃಹಿಣಿಯು ಒಲೆ ಬಿಟ್ಟು ಏಳಲಾರಳು.

ಎರಡನೆಯದಾಗಿ, ಮೊಬೈಲಿನ ಸಂದೇಶವು ನೆನಪು ಕೊಡಲಿಕ್ಕೆ ಸಾಕು, ಕರೆಯಲಿಕ್ಕೆ ಸಾಲದು. ಬಾಗಿಲಿಗೆ ಹೋಗಿ ಕರೆಯಿರಿ. ಹೋದಾಗ ಒಂದು ಸಣ್ಣ ಕೆಲಸವನ್ನೂ ಒಪ್ಪಿಸಿರಿ. ಒಬ್ಬರು ಜಮಖಾನೆ ತರಲಿ, ಒಬ್ಬರು ಮಕ್ಕಳಿಗೆ ಪದ ಕಲಿಸಲಿ, ಹಿರಿಯರೊಬ್ಬರು ಆ ಬಡಾವಣೆಯ ನೆಲದಲ್ಲಿ ಹಿಂದೆ ಯಾವ ಬೆಳೆ ಬರುತ್ತಿತ್ತೆಂದು ಹೇಳಲಿ.

ಮೂರನೆಯ ಮಾತು ತುಸು ಕಠಿಣವಾದದ್ದು. ಕೂಟಕ್ಕೆ ಬಾರದವರಲ್ಲಿ ಮನಸ್ಸಿಲ್ಲದವರು ಕೆಲವರಾದರೆ, ಬರುವ ಮುಖವಿಲ್ಲದಂತೆ ನಾವೇ ಮಾಡಿಟ್ಟವರೂ ಕೆಲವರಿದ್ದಾರೆ. ಅರಿಷಿಣ-ಕುಂಕುಮದ ಹೆಸರಿನಲ್ಲಿ ಹೆಂಗಸರನ್ನು ಕರೆದರೆ ವಿಧವೆಯಾದ ತಂಗಿಯು ಒಳಗೇ ಉಳಿಯುತ್ತಾಳೆ. ವರ್ಗಣಿ ಕೊಡದವರ ಹೆಸರನ್ನು ಎಲ್ಲರೆದುರು ಓದಿದರೆ ಬಡವನು ಮತ್ತೆ ಆ ಕಡೆಗೆ ತಲೆ ಹಾಕುವದಿಲ್ಲ. ಸ್ವಂತ ಮನೆಯುಳ್ಳವರೇ ಮುಂದಿನ ಸಾಲಿನಲ್ಲಿ ಕುಳಿತರೆ ಬಾಡಿಗೆಯವರಿಗೆ ತಾವು ಹೊರಗಿನವರೆಂದು ಬೇರೆ ಹೇಳಬೇಕಾಗಿಲ್ಲ. ಎಷ್ಟು ಜನ ಬಂದರೆಂದು ಎಣಿಸುವ ಕಾರ್ಯದರ್ಶಿಗಳು ಯಾವ ಮನೆಯವರು ಒಮ್ಮೆಯೂ ಬಂದಿಲ್ಲವೆಂಬದನ್ನು ಮೊದಲು ಎಣಿಸಲಿ.

ಹೊಸದಾಗಿ ಆರಂಭಿಸುವವರಿಗೆ ಬೆಳದಿಂಗಳ ಊಟಕ್ಕಿಂತ ಸುಲಭವಾದ ಕೂಟವಿಲ್ಲ. ಅದಕ್ಕೆ ಚಪ್ಪರ ಬೇಡ, ಭಾಷಣ ಬೇಡ, ವರ್ಗಣಿ ಬೇಡ. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲಿ ಕಲೆತು ಉಣ್ಣುವ ಸಂಪ್ರದಾಯ ಈ ಸೀಮೆಯವರಿಗೆ ಹೊಸದೇನೂ ಅಲ್ಲ. ಅವರವರ ಮನೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನಗಳು ಬಯಲಿಗೆ ಬರಲಿ. ಬುತ್ತಿ ಬಿಚ್ಚುವ ಮೊದಲು ಒಂದು ಸಲ ಸುತ್ತಲೂ ನೋಡಿರಿ. ಯಾವ ಮನೆಯವರು ಕಾಣಲಿಲ್ಲವೋ ಅವರ ಬಾಗಿಲಿಗೆ ಒಬ್ಬರು ಎದ್ದು ಹೋಗಿ ಬರಲಿ. ಉಳಿದವರು ಅಷ್ಟು ಹೊತ್ತು ಊಟಕ್ಕೆ ಕಾಯಬಹುದು.