ಎಲೆಯೊಳಗಿನ ಹುಳು, ಹೆಗಲ ಮೇಲಿನ ಪಂಪು

ನಿಂಬೆಯ ಚಿಗುರೆಲೆಯ ಮೇಲೆ ಬೆಳ್ಳಿಯ ಎಳೆಯಂತೆ ಸುತ್ತಿ ಸುಳಿದ ಗೆರೆಯನ್ನು ನಮ್ಮ ಗುಡ್ಡಗಾಡಿನ ಮಕ್ಕಳೆಲ್ಲರೂ ಕಂಡಿದ್ದಾರೆ. ಅದು ರಂಗೋಲಿ ಹುಳುವಿನ ಕೈಬರಹ. ಅದರಂತೆಯೇ ಎಲೆಯೊಳಗೆ ಬದುಕುವ ಇನ್ನೊಂದು ಕಿರುಪತಂಗ, ಶೇಂಗಾ ಎಲೆ ಸುರಂಗ ಹುಳು, ಹುಮನಾಬಾದ್–ಬಸವಕಲ್ಯಾಣ ಸೀಮೆಯ ಮುಖ್ಯ ಬೆಳೆಯಾದ ಸೋಯಾವನ್ನೂ ಬಿಡುವುದಿಲ್ಲ.

ತಾಯಿ ಪತಂಗದ ಉದ್ದ ಸುಮಾರು 6 ಮಿಲಿಮೀಟರ್, ಬಣ್ಣ ಬೂದು. ಅದು ಎಲೆಗಳ ಮೇಲೆ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಕೆಲವೇ ದಿನಗಳಲ್ಲಿ ಹೊರಬರುವ ಮರಿ ಎಲೆಯ ಎರಡು ಪದರಗಳ ನಡುವೆ ನುಗ್ಗಿ ಹಸುರನ್ನು ಮೇಯುತ್ತದೆ. ಸುರಂಗ ಇಕ್ಕಟ್ಟಾದಾಗ ಹೊರಬಂದು, ಎಲೆಗಳನ್ನು ನೂಲಿನಿಂದ ಮಡಿಚಿ ಹೊಲಿದು, ಒಳಗೇ ಕುಳಿತು ತಿಂದು, ಅಲ್ಲಿಯೇ ಕೋಶವಾಗುತ್ತದೆ. ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ತಲೆಮಾರು ಪೂರ್ಣ. ಮಳೆ ಕೈಕೊಟ್ಟರೆ ಇದರ ಸಂತತಿ ಉಕ್ಕುತ್ತದೆ. ದೂರದಿಂದ ನೋಡಿದವರಿಗೆ ಹೊಲವೇ ಸುಟ್ಟಂತೆ ತೋರುತ್ತದೆ.

ಸಾಲ ಮಾಡಿ ಬಿತ್ತಿದ ರೈತ ಆಗ ಪಂಪನ್ನು ಹೆಗಲಿಗೇರಿಸುವುದು ಸಹಜ. ಅವನಿಗೆ ತಾಳ್ಮೆಯನ್ನು ಬೋಧಿಸುವ ಹಕ್ಕು ನಮಗಿಲ್ಲ. ಆದರೆ ಲೆಕ್ಕವನ್ನು ಮುಂದಿಡಬಹುದು. ಮಡಿಕೆಯೊಳಗಿನ ಹುಳುವಿಗೆ ಮೇಲಿಂದ ಸುರಿದ ವಿಷ ಸುಲಭವಾಗಿ ತಾಗದು. ತಾಗುವುದು ಆ ಹುಳುವನ್ನೇ ಹುಡುಕಿ ಕೊಲ್ಲುವ ಪರಾವಲಂಬಿ ಕಣಜಗಳಿಗೆ, ಜೇಡಗಳಿಗೆ. ಕಾವಲುಗಾರರು ಸತ್ತ ಹೊಲದಲ್ಲಿ ಮುಂದಿನ ತಲೆಮಾರಿನ ಹುಳುವಿಗೆ ತಡೆಯೆಲ್ಲಿ?

ಹುಮನಾಬಾದನ್ನು ಹಾದು ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲೇ, ಪಟಾಂಚೆರುವಿನಲ್ಲಿ, 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಇದೆ. ಶೇಂಗಾಕ್ಕೆ ಅಲ್ಲಿಯವರು ಕೊಟ್ಟ ಮಿತಿ ಸರಳವಾದುದು: ಮೊಳೆತ 30 ದಿನಗಳವರೆಗೆ ಗಿಡವೊಂದಕ್ಕೆ 5 ಜೀವಂತ ಹುಳುಗಳು ಕಾಣುವ ತನಕ ಔಷಧ ಬೇಡ, 50ನೇ ದಿನಕ್ಕೆ ಆ ಮಿತಿ 10. ಇಂಥ ತಿಳಿವಳಿಕೆ ಹೆದ್ದಾರಿಯ ಪಕ್ಕದಲ್ಲೇ ಇದ್ದರೂ, ರೈತನಿಗೆ ಮೊದಲು ಸಿಗುವ ಸಲಹೆಗಾರ ಔಷಧದ ಅಂಗಡಿಯವನು. ಬಾಟಲಿ ಮಾರುವವನು ಹುಳು ಎಣಿಸಲು ಹೇಳಿಯಾನೆ?

ಎಣಿಸದೆ ಸುರಿದ ವಿಷದ ಬೆಲೆ ನಮ್ಮ ಗುಡ್ಡಗಳಿಗೆ ಹೊಸತಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ತಡೆಯುವ ಹೊತ್ತಿಗೆ ಕಾಸರಗೋಡು, ಕೊಕ್ಕಡದ ಗೇರುತೋಟಗಳ ಮಗ್ಗುಲಲ್ಲಿ ಬಾಳಿದವರು ಅದನ್ನು ಮೈಯಲ್ಲೇ ತೆತ್ತಿದ್ದರು.

ಆದ್ದರಿಂದ ನಮ್ಮ ಒತ್ತಾಯ ಇಷ್ಟೆ. ಪ್ರತಿಯೊಂದು ರೈತ ಸಂಪರ್ಕ ಕೇಂದ್ರವೂ ಬಿತ್ತನೆಯ ದಿನಗಳಲ್ಲಿ ಆಯಾ ಬೆಳೆಯ ಮಿತಿಯನ್ನು ಗೋಡೆಯ ಮೇಲೆ ಬರೆಸಲಿ. ಸೋಯಾ ತೆಗೆದ ಹೊಲಕ್ಕೆ ಮತ್ತೆ ಶೇಂಗಾ ಬೀಳದಂತೆ ಬೆಳೆ ಬದಲಾವಣೆಗೆ ಬೆಂಬಲ ಸಿಗಲಿ. ವಿದ್ಯಾರ್ಥಿಗಳು ವಾರಕ್ಕೊಮ್ಮೆ ಹೊಲಕ್ಕೆ ಹೋಗಿ, ಮಡಿಚಿದ ಎಲೆಗಳನ್ನು ಬಿಡಿಸಿ, ಹುಳುಗಳನ್ನು ಎಣಿಸಿ ರೈತನಿಗೆ ತಿಳಿಸಲಿ. ಪಂಪು ಹೆಗಲಿಗೇರುವ ಮುನ್ನ ಲೆಕ್ಕ ಕೈಗೆ ಬರಲಿ.