ಹಡಗಿನಾಟಕ್ಕೆ ಮನೆಯ ಕಟ್ಟಳೆ

ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿ, ಬೆರಳುದ್ದದ ಹಾಯಿಹಡಗುಗಳನ್ನು ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ ನೌಕಾಯುದ್ಧವಾಡುವ ಹವ್ಯಾಸವೊಂದಿದೆ. ಅದು ಬೆಳೆದದ್ದು ಇಂಗ್ಲೆಂಡು, ಅಮೆರಿಕಗಳಲ್ಲಿ. ಬೆಳೆದವರಿಗೆ ಇದೇನು ಮಕ್ಕಳಾಟವೆಂದು ನಗುವವರು ನಮ್ಮಲ್ಲಿ ಬಹಳ. ನಗಲಿ. ಸ್ಕಾಟ್ಲೆಂಡಿನ ಜಾನ್ ಕ್ಲರ್ಕ್ ಎಂಬವರು ನೌಕಾಪಡೆಯಲ್ಲಿ ದುಡಿದವರಲ್ಲ. ಪುಟ್ಟ ಹಡಗುಗಳನ್ನು ಮೇಜಿನ ಮೇಲೆ ಸರಿಸಿ ನೋಡುತ್ತಲೇ ನೌಕಾತಂತ್ರದ ಪ್ರಬಂಧವೊಂದನ್ನು ಬರೆದು 1782ರಲ್ಲಿ ಅಚ್ಚು ಹಾಕಿಸಿದರು. ಕಡಲಲ್ಲಿ ಕೂದಲು ನರೆತ ಅಧಿಕಾರಿಗಳೂ ಅದನ್ನು ಓದಿದರು.

ನಮ್ಮ ಪ್ರಶ್ನೆ ಬೇರೆ. ಪೆಟ್ಟಿಗೆಯಲ್ಲಿ ಬಂದ ಹಡಗಿಗೆ ಬೇರೆ ಬಣ್ಣ ಬಳಿಯಬಹುದೇ? ಪುಸ್ತಕದ ನಿಯಮವನ್ನು ಮನೆಯಲ್ಲಿ ತಿದ್ದಬಹುದೇ? ಕೊಟ್ಟದ್ದನ್ನು ಕೊಟ್ಟಂತೆಯೇ ಆಡಬೇಕೆಂಬ ಮಡಿವಂತರಿದ್ದಾರೆ. ನಮಗೆ ಅದು ಒಪ್ಪಿಗೆಯಿಲ್ಲ. ಆದರೆ ಮನಸ್ಸಿಗೆ ತೋಚಿದಂತೆ ತಿದ್ದುವವರ ಜೊತೆಯೂ ನಾವಿಲ್ಲ.

ಕಾರಣವಿದೆ. ಈ ಆಟದವರ ಕಣ್ಣು ಸಾಮಾನ್ಯವಾಗಿ 1805ರ ಟ್ರಫಾಲ್ಗರ್ ಕದನದ ಮೇಲೆ. ಬ್ರಿಟಿಷರ 27 ದೊಡ್ಡ ಹಡಗುಗಳು, ಎದುರಿಗೆ ಫ್ರೆಂಚ್ ಮತ್ತು ಸ್ಪೇನಿನ 33. ಸಂಜೆಯೊಳಗೆ ಎದುರಾಳಿಯ ಅರ್ಧದಷ್ಟು ಹಡಗುಗಳು ಸೆರೆಯಾದವು; ಬ್ರಿಟಿಷರದು ಒಂದೂ ಹೋಗಲಿಲ್ಲ. ಹಿಡಿದ ಹಡಗು ಎಣಿಸಿದರೆ ಗೆದ್ದವರಾರೆಂದು ತಿಳಿಯುತ್ತದೆ. ಅದೇ ಲೆಕ್ಕವನ್ನು ನಮ್ಮ ಕಡಲಿಗೆ ತಂದರೆ ಏನಾದೀತು?

1782 ಮತ್ತು 83ರಲ್ಲಿ ಫ್ರೆಂಚರ ಸುಫ್ರೆನ್ ಮತ್ತು ಇಂಗ್ಲಿಷರ ಹ್ಯೂಸ್ ಚೋಳಮಂಡಲ ಮತ್ತು ಸಿಂಹಳದ ಕಡಲಲ್ಲಿ ಐದು ಸಲ ಸೆಣಸಿದರು. ಸುಫ್ರೆನ್ ಬಂದದ್ದು ಹೈದರಾಲಿಯ ನೆರವಿಗೆ. 1782ರ ಜುಲೈಯಲ್ಲಿ ಕಡಲೂರಿನ ಬಳಿ ಇಬ್ಬರೂ ಮುಖತಃ ಭೇಟಿಯಾದರು. ಹ್ಯೂಸ್ ನಮಗೆ ಇನ್ನೂ ಹತ್ತಿರದವನು: 1780ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿದ್ದ ಹೈದರನ ಹಡಗುಗಳನ್ನು ನಾಶಮಾಡಿದವನು ಅವನೇ. ಆ ಐದು ಕದನಗಳಲ್ಲಿ ಒಬ್ಬನ ದೊಡ್ಡ ಹಡಗನ್ನು ಇನ್ನೊಬ್ಬ ಹಿಡಿಯಲೂ ಇಲ್ಲ, ಮುಳುಗಿಸಲೂ ಇಲ್ಲ. ಟ್ರಫಾಲ್ಗರ್ ಲೆಕ್ಕದಲ್ಲಿ ಐದೂ ಸೊನ್ನೆಗೆ ಸೊನ್ನೆ! ಹಾಗಾದರೆ ಅಲ್ಲಿ ಏನೂ ನಡೆಯಲಿಲ್ಲವೇ? ನಡೆಯಿತು. ಅದನ್ನು ಮೇಜಿನ ಮೇಲೆ ತರಲಿಕ್ಕೆ ಮನೆಯ ಕಟ್ಟಳೆ ಬೇಕೇ ಬೇಕು.

ಮೊದಲು ಗಾಳಿ. 1782ರ ಜುಲೈ 6ರಂದು ನಾಗಪಟ್ಟಣದ ಎದುರು ಕದನ ನಡೆಯುತ್ತಿರುವಾಗ ಮಧ್ಯಾಹ್ನದ ಹೊತ್ತಿಗೆ ಗಾಳಿ ಒಮ್ಮೆಲೇ ತಿರುಗಿ, ಎರಡೂ ಸಾಲುಗಳು ಚೆಲ್ಲಾಪಿಲ್ಲಿಯಾದವು. ಮಧ್ಯಾಹ್ನಕ್ಕೆ ಕಡಲಗಾಳಿ ಏಳುವ ಸಂಗತಿಯನ್ನು ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ನಮ್ಮ ಮೇಜಿನಲ್ಲಿ ಆರನೆಯ ಸುತ್ತಿನ ಬಳಿಕ ಪ್ರತಿ ಸುತ್ತಿಗೂ ಗಾಳಿಯ ದಾಳ ಹಾಕುತ್ತೇವೆ.

ಎರಡನೆಯದು ಕಪ್ತಾನರು. ಸದ್ರಾಸ್ ಕದನದಲ್ಲಿ ಸುಫ್ರೆನ್ ಮುನ್ನುಗ್ಗಿದರೆ ಅವನ ಹಲವು ಕಪ್ತಾನರು ಹತ್ತಿರ ಸುಳಿಯದೆ ದೂರದಿಂದಲೇ ಗುಂಡು ಹಾರಿಸುತ್ತಿದ್ದರು. ಆಟದಲ್ಲಾದರೋ ಪ್ರತಿ ಹಡಗೂ ನಮ್ಮ ಕೈಬೆರಳಿಗೆ ವಿಧೇಯ. ಇದು ಸುಳ್ಳು. ಹಾಗಾಗಿ ಫ್ರೆಂಚ್ ಪಕ್ಷದವರು ನಾಯಕ ಹಡಗಿನಿಂದ ಒಂದು ಗೇಣಿಗಿಂತ ದೂರವಿರುವ ಹಡಗನ್ನು ಸರಿಸುವ ಮೊದಲು ದಾಳ ಹಾಕಬೇಕು. ಒಂದು ಅಥವಾ ಎರಡು ಬಿದ್ದರೆ ಅದು ನಿಂತಲ್ಲೇ. ಈ ಕಟ್ಟಳೆ ಬಂದಂದಿನಿಂದ ನಮ್ಮ ಮನೆಯ ಹುಡುಗರಿಗೆ ಸುಫ್ರೆನ್‌ನ ಸಿಟ್ಟು ಅರ್ಥವಾಗಿದೆ.

ಹಾಗೆಂದು ಕಂಡದ್ದನ್ನೆಲ್ಲ ಕಟ್ಟಳೆ ಮಾಡಬಾರದು. ನಾಗಪಟ್ಟಣದಲ್ಲಿ ಸೆವೇರ್ ಎಂಬ ಹಡಗಿನ ಕಪ್ತಾನ ಶರಣಾಗಲು ಬಾವುಟ ಇಳಿಸಿದರೆ, ಕೆಳಗಿನ ಅಧಿಕಾರಿಗಳು ಒಪ್ಪದೆ ಮತ್ತೆ ಏರಿಸಿ ಕಾದಾಡಿದರು. ಎಂಥ ಕಥೆ! ನಾವು ಅದಕ್ಕೂ ದಾಳವೊಂದನ್ನು ಗೊತ್ತುಮಾಡಿದೆವು. ಎರಡೇ ಆಟದಲ್ಲಿ ಶರಣಾದ ಹಡಗುಗಳೆಲ್ಲ ಎದ್ದು ಕುಳಿತವು. ಒಮ್ಮೆ ನಡೆದದ್ದು ದಿನವೂ ನಡೆಯುವ ಹಾಗಾದರೆ ಅದು ಚರಿತ್ರೆಯಲ್ಲ, ಬಯಲಾಟ. ಆ ಕಟ್ಟಳೆಯನ್ನು ಹೊಡೆದುಹಾಕಿದೆವು.

ಗೆಲುವಿನ ಎಣಿಕೆಯನ್ನೂ ಬದಲಿಸಿದ್ದೇವೆ. ಹಿಡಿದ ಹಡಗಲ್ಲ, ಕಳೆದುಕೊಂಡ ಕೂವೆಕಂಬ ಲೆಕ್ಕಕ್ಕೆ. ಯಾಕೆಂದರೆ ಸುಫ್ರೆನ್‌ಗೆ ಹತ್ತಿರದಲ್ಲಿ ಹಡಗು ರಿಪೇರಿಯ ಬಂದರಿರಲಿಲ್ಲ. ನಾಗಪಟ್ಟಣದ ಕದನದ ಬಳಿಕ ಚಿಕ್ಕ ಹಡಗುಗಳ ಕಂಬ ಕಿತ್ತು ದೊಡ್ಡವಕ್ಕೆ ನೆಟ್ಟ. ಕಡಲೂರಿನ ಮನೆಗಳನ್ನು ಕೆಡವಿ ಮರ ತಂದ. ಒಂದು ಮಾದರಿಯ ಕಂಬವನ್ನು ಇನ್ನೊಂದಕ್ಕೆ ಅಂಟಿಸುವ ಹವ್ಯಾಸಿಗೆ ಇದಕ್ಕಿಂತ ದೊಡ್ಡ ಅಪ್ಪಣೆ ಬೇಕೇ? ನಮ್ಮಲ್ಲಿ ಕಂಬ ಮುರಿದರೆ ಹಿಡಿಸೂಡಿ ಕಡ್ಡಿ, ಹಾಯಿಗೆ ತೆಳು ಕಾಗದ, ಹಗ್ಗಕ್ಕೆ ಕರಿನೂಲು.

ಬಣ್ಣದಲ್ಲಿ ಮಾತ್ರ ಎಚ್ಚರ ಬೇಕು. ಹಳದಿ ಪಟ್ಟೆಯ ಮೇಲೆ ಕಪ್ಪು ಚೌಕಗಳ ನೆಲ್ಸನ್ ಬಣ್ಣ ಅಂದವೇನೋ ಹೌದು, ಆದರೆ 1782ರ ಹಡಗಿಗೆ ಸಲ್ಲದು. ಫ್ರೆಂಚರ ಮೂರು ಬಣ್ಣದ ಬಾವುಟವೂ ಅಷ್ಟೆ. ಕ್ರಾಂತಿಗೆ ಮೊದಲು ಅವರ ಯುದ್ಧನೌಕೆ ಹಾರಿಸುತ್ತಿದ್ದದ್ದು ಬಿಳಿ ಬಾವುಟ. ಬ್ರಿಟಿಷ್ ಬಾವುಟದ ಮೂಲೆಯಲ್ಲಿ ಐರ್ಲೆಂಡಿನ ಕೆಂಪು ಓರೆಗೆರೆ ಸೇರಿದ್ದು 1801ರಲ್ಲಿ. ಇಷ್ಟು ಸಣ್ಣದನ್ನು ಯಾರು ನೋಡುತ್ತಾರೆಂದರೆ, ಬಣ್ಣ ಬಳಿದ ಹುಡುಗ ನೋಡುತ್ತಾನೆ. ಅವನಿಗೆ ತಪ್ಪು ಕಲಿಸಬಾರದು.

ಇನ್ನೊಂದು ಮಾತು ಹೇಳಿಬಿಡುತ್ತೇವೆ. ಕಳೆದ ಮಳೆಗಾಲದ ಒಂದು ಸಂಜೆ ಹಿರಿಯರಾದ ನಾವು ಸೋಲುವ ಹೊತ್ತಿಗೆ, "ಇಷ್ಟು ಹತ್ತಿರ ಬಂದ ಹಡಗಿಗೆ ಗುರಿ ಹಿಡಿಯಲಿಕ್ಕಾಗುವುದಿಲ್ಲ" ಎಂಬ ಹೊಸ ಕಟ್ಟಳೆ ತೆಗೆದೆವು. ಹತ್ತು ವರ್ಷದ ಹುಡುಗಿ ದಾಳವನ್ನು ಕೆಳಗಿಟ್ಟು, "ಅದು ಎಲ್ಲಿ ಬರೆದಿದೆ ಅಜ್ಜ?" ಎಂದಳು. ಎಲ್ಲಿಯೂ ಬರೆದಿರಲಿಲ್ಲ. ಸೋಲುವವನ ಬಾಯಿಂದ, ಆಟದ ನಡುವೆ ಹುಟ್ಟಿದ ಕಟ್ಟಳೆಗೆ ಚರಿತ್ರೆಯ ಹೆಸರು ಹೇಳಿದರೂ ಅದು ಮೋಸವೇ. ಅಂದಿನಿಂದ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಹೊಸ ಕಟ್ಟಳೆ ಬೇಕಾದವರು ಆಟಕ್ಕೆ ಮೊದಲು ಅದರಲ್ಲಿ ಬರೆದು, ಯಾವ ಕದನದಲ್ಲಿ ಹಾಗೆ ನಡೆಯಿತೆಂದು ಪಕ್ಕದಲ್ಲಿ ಕಾಣಿಸಬೇಕು. ಎರಡೂ ಪಕ್ಷದವರು ರುಜು ಹಾಕಬೇಕು. ಮುಂದಿನ ಭಾನುವಾರ ಕಡಲೂರು ಕದನ: ಸುಫ್ರೆನ್‌ಗೆ 15 ಹಡಗು, ಹ್ಯೂಸ್‌ಗೆ 18. ಹ್ಯೂಸ್‌ನ ನಾವಿಕರಲ್ಲಿ ಕಾಯಿಲೆ, ನೀರಿಗೂ ಕೊರತೆ. ಅದಕ್ಕೊಂದು ಕಟ್ಟಳೆಯನ್ನು ಹುಡುಗಿಯೇ ಬರೆದಿಟ್ಟಿದ್ದಾಳೆ. ನಮ್ಮ ರುಜು ಇನ್ನೂ ಬಿದ್ದಿಲ್ಲ, ಯಾಕೆಂದರೆ ಹ್ಯೂಸ್ ನಾವು.